ಗಣಿಗೆ ಇಳಿದ ಹಳದಿ ಹಕ್ಕಿ

ಮನೆಯಲ್ಲಿ ಹಕ್ಕಿ ಸಾಕಿದ್ದೀರಾ? ಪಂಜರ ಎಲ್ಲಿ ತೂಗುಹಾಕಿದ್ದೀರಿ? ಅಡುಗೆಮನೆಯಲ್ಲೋ ಬಚ್ಚಲೊಲೆಯ ಹತ್ತಿರವೋ ಆಗಿದ್ದರೆ ಈ ಹಳೆಯ ಸಂಗತಿ ನಿಮಗೆ ಗೊತ್ತಿರಲಿ.

1896ರ ಜನವರಿಯಲ್ಲಿ ಬ್ರಿಟನ್ನಿನ ವೇಲ್ಸ್ ಸೀಮೆಯ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಸಾವಿನ ಕಾರಣ ಹುಡುಕಿದರು. ಹೆಚ್ಚಿನವರು ಸ್ಫೋಟದ ಹೊಡೆತಕ್ಕೆ ಸತ್ತಿರಲಿಲ್ಲ. ಆಮೇಲೆ ಗಣಿಯಲ್ಲಿ ತುಂಬಿಕೊಂಡ ಕಾರ್ಬನ್ ಮೊನಾಕ್ಸೈಡ್ ಅನಿಲ ಅವರನ್ನು ಕೊಂದಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗುವಷ್ಟರಲ್ಲಿ ಕೈಕಾಲು ಸೋತಿರುತ್ತವೆ.

ಮನುಷ್ಯನಿಗಿಂತ ಮೊದಲೇ ವಿಷ ತಾಕುವ ಪುಟ್ಟ ಪ್ರಾಣಿಯನ್ನು ಜೊತೆಗೆ ಒಯ್ಯಿರಿ ಎಂದು ಹಾಲ್ಡೇನ್ ಸಲಹೆ ಕೊಟ್ಟರು. ಇಲಿಗಳನ್ನೂ ಬಳಸಿ ನೋಡಿದರು. ಕೊನೆಗೆ ಹೆಚ್ಚು ಬಳಕೆಗೆ ಬಂದದ್ದು ಹಾಡುವ ಸಾಕುಹಕ್ಕಿ ಕ್ಯಾನರಿ. ಇಲಿ ಮುದುಡಿ ಕೂತರೆ ನಿದ್ದೆಯೋ ಸಂಕಟವೋ ತಿಳಿಯದು. ಹಕ್ಕಿ ತೂರಾಡಿ ಕೋಲಿನಿಂದ ಬಿದ್ದರೆ ಮಂದ ಬೆಳಕಲ್ಲೂ ಕಾಣುತ್ತದೆ. ಬಿದ್ದ ಹಕ್ಕಿಯನ್ನು ಉಳಿಸಲು ಆಮ್ಲಜನಕದ ಸಣ್ಣ ಸಿಲಿಂಡರ್ ಜೋಡಿಸಿದ ಪಂಜರಗಳೂ ಇದ್ದವು. 1986ರಲ್ಲಿ ಅನಿಲ ಪತ್ತೆ ಯಂತ್ರಗಳಿಗೆ ಜಾಗ ಬಿಟ್ಟುಕೊಟ್ಟು ಕ್ಯಾನರಿಗಳು ಬ್ರಿಟನ್ನಿನ ಗಣಿಗಳಿಂದ ಹೊರಬಂದವು.

ಹಕ್ಕಿಗೇ ಮೊದಲು ವಿಷ ಏರುವುದೇಕೆ? ಅದರ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ. ಉಸಿರು ಒಳಗೆಳೆದಾಗಲೂ ಹೊರಬಿಟ್ಟಾಗಲೂ ಶ್ವಾಸಕೋಶದಲ್ಲಿ ಹೊಸ ಗಾಳಿ ಹರಿಯುತ್ತದೆ. ಹಾರಲು ಬೇಕಾದ ಶಕ್ತಿ ಬರುವುದು ಇದರಿಂದಲೇ. ಗಾಳಿ ಕೆಟ್ಟರೆ ವಿಷವೂ ಅಷ್ಟೇ ಬೇಗ ಸೇರುತ್ತದೆ.

ನಮ್ಮಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಕ್ಕಿಗಳು ಬಹುಪಾಲು ಆಸ್ಟ್ರೇಲಿಯಾ ಮೂಲದ ಬಡ್ಜಿಗಳು. ಅವುಗಳ ಉಸಿರಾಟವೂ ಹೀಗೆಯೇ. ಸೌದೆ ಒಲೆಯ ಹೊಗೆ, ಸೊಳ್ಳೆಬತ್ತಿ, ಊದುಬತ್ತಿ, ಸೀದ ಒಗ್ಗರಣೆಯ ಘಾಟು ಅವಕ್ಕೆ ಆಗದು. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹಬೆಗೆ ಹಕ್ಕಿ ಕೆಲವೇ ನಿಮಿಷದಲ್ಲಿ ಸಾಯಬಹುದು. ಗಾಳಿಯಾಡುವ, ನೆರಳಿರುವ ಜಗುಲಿಯೇ ಪಂಜರಕ್ಕೆ ಒಳ್ಳೆಯ ಜಾಗ. (ನಮ್ಮ ನಾಡಿನ ಗಿಣಿಯನ್ನು ಮಾತ್ರ ಸಾಕಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.)

ಗಣಿಯವರ ಇನ್ನೊಂದು ಅಭ್ಯಾಸವನ್ನೂ ಕಲಿಯಬೇಕು: ಹಕ್ಕಿಯ ಮೇಲೆ ಸದಾ ಕಣ್ಣಿಡುವುದು. ಬೇಟೆಗೆ ಸಿಗುವ ಜೀವವಾದ್ದರಿಂದ ಹಕ್ಕಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಹಗಲಿಡೀ ಪುಕ್ಕ ಉಬ್ಬಿಸಿ ಕೂರುವುದು, ಉಸಿರಿಗೊಮ್ಮೆ ಬಾಲ ಆಡುವುದು, ಬಾಯಿ ತೆರೆದೇ ಉಸಿರಾಡುವುದು, ಪಂಜರದ ತಳಕ್ಕೆ ಇಳಿದು ಕೂರುವುದು ಕಂಡರೆ ಅಂದೇ ಪಶುವೈದ್ಯರಿಗೆ ತೋರಿಸಿ.

ಗಣಿಯಲ್ಲಿ ಹಕ್ಕಿ ಬಿದ್ದರೆ ಜನ ಹಕ್ಕಿಯನ್ನು ಎತ್ತಿಕೊಂಡು ತಾವೂ ಹೊರಗೆ ಓಡುತ್ತಿದ್ದರು. ನಿಮ್ಮ ಹಕ್ಕಿಗೆ ಒಲೆಯ ಹೊಗೆ ತಡೆಯಲಾಗುತ್ತಿಲ್ಲ ಎಂದರೆ ಪಂಜರವನ್ನಷ್ಟೇ ಆಚೆ ಇಟ್ಟು ಸುಮ್ಮನಾಗಬೇಡಿ. ಅದೇ ಹೊಗೆಯಲ್ಲಿ ಅಮ್ಮ ದಿನವೂ ಅಡುಗೆ ಮಾಡುತ್ತಿದ್ದಾರೆ, ಪಕ್ಕದಲ್ಲಿ ಮಗು ಆಡುತ್ತಿದೆ.