ಯುದ್ಧಚಿತ್ರಗಳಿಗೂ ಬೇಕು ಒರೆಗಲ್ಲು

ಊರಿಗಾಂ ಸುತ್ತಮುತ್ತಲಿನ ಸಯನೈಡ್ ದಿಬ್ಬಗಳೆಂದರೆ ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ. 2018ರಲ್ಲಿ ತೆರೆಕಂಡ ‘ಕೆ.ಜಿ.ಎಫ್’ ಚಲನಚಿತ್ರದ ಕೆಲವು ದೃಶ್ಯಗಳನ್ನು ಈ ದಿಬ್ಬಗಳಲ್ಲೇ ಚಿತ್ರೀಕರಿಸಲಾಯಿತು. ಅದರಲ್ಲಿ ಬರುವ ಗಣಿಯ ಒಡೆಯರು, ಜೀತದಾಳುಗಳೆಲ್ಲ ಕಥೆಗಾರನ ಕಲ್ಪನೆ. ನಿಜವಾದ ಗಣಿಗಳನ್ನು 1880ರ ದಶಕದಿಂದ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. 1956ರಲ್ಲಿ ಅವು ಸರ್ಕಾರದ ಪಾಲಾದವು, 2001ರ ಫೆಬ್ರುವರಿ 28ರಂದು ಮುಚ್ಚಿದವು. ಮುಂದೊಂದು ದಿನ ಯಾರಾದರೂ ಆ ಸಿನಿಮಾದ ತುಣುಕುಗಳನ್ನು ಕಪ್ಪುಬಿಳುಪಿಗೆ ತಿರುಗಿಸಿ ‘1951ರ ಕೋಲಾರ ಗಣಿ’ ಎಂದು ತೋರಿಸಿದರೆ ಊರಿಗಾಂ ಜನ ನಕ್ಕಾರು. ಆದರೆ ಮನೆಯಲ್ಲಿ ಕುಳಿತು ನೋಡುವ ಯುದ್ಧಚರಿತ್ರೆಯ ಸಾಕ್ಷ್ಯಚಿತ್ರಗಳಲ್ಲಿ ಇಂಥದ್ದು ಅನೇಕ ಸಲ ನಡೆದಿದೆ. ಅಲ್ಲಿ ನಗುವವರು ಕಡಿಮೆ.

1916ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ ‘ದಿ ಬ್ಯಾಟಲ್ ಆಫ್ ದಿ ಸೋಮ್’ ಇದಕ್ಕೆ ಹಳೆಯ ನಿದರ್ಶನ. ಜೆಫ್ರಿ ಮಾಲಿನ್ಸ್ ಮತ್ತು ಜೆ.ಬಿ. ಮೆಕ್‌ಡವೆಲ್ ರಣರಂಗದಲ್ಲೇ ನಿಂತು ತೆಗೆದ ಈ ಚಿತ್ರದ ಬಹುಭಾಗ ಅಸಲಿ. ಆದರೆ ಯೋಧರು ಕಂದಕದಿಂದ ಮೇಲೇರುವ, ಒಬ್ಬ ಗುಂಡೇಟು ತಿಂದು ಹಿಂದಕ್ಕೆ ಜಾರುವ ಪ್ರಸಿದ್ಧ ದೃಶ್ಯವನ್ನು ಮಾತ್ರ ರಣರಂಗದಿಂದ ದೂರದ ತರಬೇತಿ ಶಾಲೆಯೊಂದರಲ್ಲಿ ಅಭಿನಯಿಸಿ ತೆಗೆಯಲಾಗಿತ್ತು. ಮೊದಲ ಮಹಾಯುದ್ಧ ಎಂದೊಡನೆ ಇಂದಿಗೂ ಆ ತುಣುಕೇ ಮತ್ತೆಮತ್ತೆ ಕಾಣಿಸಿಕೊಳ್ಳುತ್ತದೆ. 1943ರ ‘ಡೆಸರ್ಟ್ ವಿಕ್ಟರಿ’ಯ ಕೆಲವು ರಾತ್ರಿದಾಳಿಯ ದೃಶ್ಯಗಳು ತಯಾರಾದದ್ದು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ. ಆ ಚಿತ್ರಕ್ಕೆ ಆಸ್ಕರ್ ಕೂಡ ಬಂತು!

1964ರಲ್ಲಿ ಬಿ.ಬಿ.ಸಿ. 26 ಕಂತುಗಳ ‘ದಿ ಗ್ರೇಟ್ ವಾರ್’ ಪ್ರಸಾರ ಮಾಡಿದಾಗ, ನಟಿಸಿದ ದೃಶ್ಯಗಳನ್ನು ವೀಕ್ಷಕರಿಗೆ ತಿಳಿಸದೆ ಬೆರೆಸಲಾಗಿದೆ ಎಂದು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ನಿರ್ದೇಶಕ ನೋಬಲ್ ಫ್ರಾಂಕ್‌ಲೆಂಡ್ ಆಕ್ಷೇಪಿಸಿದರು. ಅದೇ ಫ್ರಾಂಕ್‌ಲೆಂಡ್ 1973ರ ‘ದಿ ವರ್ಲ್ಡ್ ಅಟ್ ವಾರ್’ ಮಾಲಿಕೆಗೆ ಇತಿಹಾಸ ಸಲಹೆಗಾರರಾದರು. ಯುದ್ಧ ಕಂಡವರ ನೇರ ಮಾತು, ಮೂಲ ತುಣುಕುಗಳ ಎಚ್ಚರದ ಬಳಕೆ ಇವೆರಡರಿಂದ ಆ ಮಾಲಿಕೆಗೆ ಇಂದಿಗೂ ಬೆಲೆಯಿದೆ.

ಆದರೆ ಒಳ್ಳೆಯ ಮಾಲಿಕೆಯೂ ಕೈಗೆ ಬರುವ ಹೊತ್ತಿಗೆ ಕೆಟ್ಟಿರಬಹುದು. ‘ದಿ ವರ್ಲ್ಡ್ ಅಟ್ ವಾರ್’ ಅನ್ನು 2010ರಲ್ಲಿ ಬ್ಲೂ-ರೇ ಡಿಸ್ಕ್‌ಗೆ ತಂದಾಗ ಈಗಿನ ಅಗಲ ಪರದೆ ತುಂಬಲೆಂದು ಚೌಕಟ್ಟಿನ ಮೇಲುಭಾಗವನ್ನೂ ಕೆಳಭಾಗವನ್ನೂ ಕತ್ತರಿಸಲಾಯಿತು. ಚಿತ್ರ ಸ್ವಚ್ಛವಾಯಿತು, ದಾಖಲೆ ಮೊಟಕಾಯಿತು. ರಣರಂಗದ ಕ್ಯಾಮೆರಾಗಳು ಬಹುಮಟ್ಟಿಗೆ ಮೂಕಿ. ಫಿರಂಗಿಯ ಆರ್ಭಟ ಆಮೇಲೆ ಸೇರಿಸಿದ್ದು ಎಂಬುದನ್ನೂ ನೋಡುವವರು ನೆನಪಿಡಬೇಕು. ಯೋಧನ ರೈಫಲ್ಲಿನ ಬೋಲ್ಟ್ ಎಡಗಡೆ ಕಂಡರೆ ದೃಶ್ಯವನ್ನು ಕನ್ನಡಿಯಂತೆ ತಿರುಗಿಸಿರುವ ಸಾಧ್ಯತೆ ಹೆಚ್ಚು. ಇನ್ನು ಡಬ್ಬಿಯ ಮೇಲೆ ‘ಹಿಂದೆಂದೂ ಕಾಣದ ದೃಶ್ಯಗಳು’ ಎಂದಿದ್ದರೆ ಎರಡು ಸಲ ಯೋಚಿಸುವುದೇ ಲೇಸು. ದೃಶ್ಯ ಯಾವ ಸಂಗ್ರಹಾಲಯದ್ದು, ಯಾವಾಗ ತೆಗೆದದ್ದು ಎಂದು ಹೇಳುವ ಸಂಗ್ರಹಕ್ಕೆ ಹಣ ಕೊಟ್ಟರೆ ನಷ್ಟವಿಲ್ಲ.

ನಮ್ಮವರಿಗೆ ಇನ್ನೊಂದು ಪರೀಕ್ಷೆಯೂ ಉಂಟು: ಏನನ್ನು ಬಿಟ್ಟಿದ್ದಾರೆ? ನಾರ್ಮಂಡಿ ಕಡಲತೀರದ ಕಾಳಗದಲ್ಲಿ ಮುಳ್ಳುತಂತಿಯ ಬೇಲಿ ಸಿಡಿಸಿದ ‘ಬ್ಯಾಂಗಲೋರ್ ಟಾರ್ಪಿಡೊ’ದ ಹೆಸರು ಇಂಥ ಚಿತ್ರಗಳಲ್ಲಿ ಕೇಳಿಬರುತ್ತದೆ. ಊರಿಗಾಂನಿಂದ ನೂರು ಕಿಲೋಮೀಟರ್ ಆಸುಪಾಸಿನ ಬೆಂಗಳೂರಿನಲ್ಲಿ, ಮದ್ರಾಸ್ ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಅದನ್ನು ರೂಪಿಸಿದರು ಎಂದು ಹೇಳುವವರು ವಿರಳ. ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು. ಅವರಲ್ಲಿ ಅನೇಕರು ಹೋರಾಡಿದ ಬರ್ಮಾಕ್ಕೆ ‘ದಿ ವರ್ಲ್ಡ್ ಅಟ್ ವಾರ್’ ಮೀಸಲಿಟ್ಟದ್ದು 26ರಲ್ಲಿ ಒಂದೇ ಕಂತು.

1918ರ ಸೆಪ್ಟೆಂಬರ್ 23ರಂದು ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಹೈಫಾ ಪಟ್ಟಣವನ್ನು ಗೆದ್ದರು. ಆ ಗೆಲುವಿನದೆಂದು ಪ್ರಸಿದ್ಧವಾದ ಛಾಯಾಚಿತ್ರದಲ್ಲಿ ಕಾಣುವುದು ಗೆದ್ದ ಬಳಿಕ ಬೀದಿಯಲ್ಲಿ ಶಾಂತವಾಗಿ ಸಾಗುವ ಭರ್ಜಿಧಾರಿಗಳು, ದಾಳಿಯಲ್ಲ. ಕುದುರೆಗಳು ಧೂಳೆಬ್ಬಿಸಿ ಮದ್ದುಗುಂಡಿನ ನಡುವೆ ನುಗ್ಗುವ ಚಲಿಸುವ ದೃಶ್ಯವನ್ನು ‘ಹೈಫಾ’ ಎಂಬ ಹೆಸರಿನಡಿ ತೋರಿಸಿದರೆ, ಅದನ್ನು ಎಲ್ಲಿಂದ ತಂದರು ಎಂದು ಕೇಳಬೇಕಾಗುತ್ತದೆ. ಆ ಯುದ್ಧದಲ್ಲಿ ಮಡಿದ ಮೈಸೂರು ಲ್ಯಾನ್ಸರ್ಸ್ ಯೋಧರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದ ಬಳಿ ಇದೆ.