ನೂತನ ಸಂಸ್ಕಾರಕಗಳಲ್ಲಿ ತಂತ್ರಾಂಶದ ನೇರ ಸ್ಥಾಪನೆ

ಗಣಕಯಂತ್ರದ ಸಂಸ್ಕಾರಕವು, ಅಂದರೆ ಪ್ರೊಸೆಸರು, ತನ್ನನ್ನು ರಚಿಸಿದವರು ಗೊತ್ತುಪಡಿಸಿದ ಪರಿಮಿತವಾದ ಆದೇಶಗುಚ್ಛವೊಂದನ್ನು ಮಾತ್ರ ಬಲ್ಲುದಾದ ಕಾರಣ, ಒಂದು ವಂಶದ ಸಂಸ್ಕಾರಕಕ್ಕೆಂದು ಯಂತ್ರಭಾಷೆಗೆ ಇಳಿಸಿದ ತಂತ್ರಾಂಶವು ಇನ್ನೊಂದು ವಂಶದ ಸಂಸ್ಕಾರಕದಲ್ಲಿ ನಡೆಯಲಾರದು. ಸೇರು ಕೊಳಗಗಳ ಲೆಕ್ಕದಲ್ಲಿ ಬರೆದ ಕಣಜದ ಚೀಟಿಯನ್ನು ಕಿಲೋಗ್ರಾಂ ತಕ್ಕಡಿಯವನ ಮುಂದೆ ಹಿಡಿದರೆ ಧಾನ್ಯವು ಅದೇ ಆಗಿದ್ದರೂ ಅಂಕಿಗಳು ನಿರರ್ಥಕವಾಗುವಂತೆ ಇದೂ ಆಗುತ್ತದೆ. ಹೊಸ ವಿನ್ಯಾಸದ ಸಂಸ್ಕಾರಕವೊಂದು ಬಳಕೆಗೆ ಬಂದಾಗ ಹಳೆಯ ತಂತ್ರಾಂಶವನ್ನು ಅದರಲ್ಲಿ ನಡೆಸಲು ಎರಡು ಮಾರ್ಗಗಳುಂಟು. ಹಳೆಯ ಆದೇಶಗಳನ್ನು ಹೊಸ ಆದೇಶಗಳಿಗೆ ಪರಿವರ್ತಿಸುವ ಅನುಕರಣತಂತ್ರವೊಂದನ್ನು ನಡುವೆ ನಿಲ್ಲಿಸುವುದು ಮೊದಲನೆಯದು. ತಂತ್ರಾಂಶದ ಆಕರಸಂಕೇತವನ್ನೇ, ಅಂದರೆ ಸೋರ್ಸ್ ಕೋಡನ್ನೇ, ಹೊಸ ಯಂತ್ರಭಾಷೆಗೆ ಮರಳಿ ಇಳಿಸಿ, ಮಧ್ಯವರ್ತಿಯಿಲ್ಲದೆ ನೆಲೆಗೊಳಿಸುವುದು ಎರಡನೆಯದು. ಈ ಎರಡನೆಯ ಮಾರ್ಗವೇ ನೇರ ಸ್ಥಾಪನೆ. ಮೊದಲನೆಯದು ಸುಲಭವಾದರೂ ವೇಗವನ್ನೂ ವಿದ್ಯುಚ್ಛಕ್ತಿಯನ್ನೂ ತಿನ್ನುತ್ತದೆ. ಎರಡನೆಯದಕ್ಕೆ ಆಕರಸಂಕೇತ ಕೈಯಲ್ಲಿರಬೇಕು.

ಈ ಸಮಸ್ಯೆ ಗಣಕಗಳಷ್ಟೇ ಹಳೆಯದು. 1964ರ ಏಪ್ರಿಲ್ 7ರಂದು ಐಬಿಎಂ ಸಂಸ್ಥೆ ಸಿಸ್ಟಮ್/360 ಎಂಬ ಗಣಕಶ್ರೇಣಿಯನ್ನು ಪ್ರಕಟಿಸಿದಾಗ, ತನ್ನ ಹಿಂದಿನ 1401 ಯಂತ್ರಗಳಿಗಾಗಿ ಗ್ರಾಹಕರು ಬರೆಯಿಸಿಕೊಂಡಿದ್ದ ಅಪಾರವಾದ ಕ್ರಮವಿಧಿಗಳು ವ್ಯರ್ಥವಾಗದಂತೆ, ಶ್ರೇಣಿಯ ಕೆಲವು ಮಾದರಿಗಳಲ್ಲಿ ಹಳೆಯ ಆದೇಶಗಳ ಅನುಕರಣವನ್ನು ಅಳವಡಿಸಿತ್ತು. ನೇರ ಸ್ಥಾಪನೆಯ ಮಾರ್ಗ ಸುಗಮವಾದುದು 1973ರಲ್ಲಿ ಬೆಲ್ ಪ್ರಯೋಗಾಲಯದವರು ಯುನಿಕ್ಸ್ ಕಾರ್ಯವ್ಯವಸ್ಥೆಯನ್ನು ಸಿ ಭಾಷೆಯಲ್ಲಿ ಮರುರಚಿಸಿದ ತರುವಾಯ. ಆವರೆಗೆ ಕಾರ್ಯವ್ಯವಸ್ಥೆಯೆಂಬುದು ಆಯಾ ಯಂತ್ರದ ಆದೇಶಗಳಲ್ಲಿಯೇ ಬರೆಯಲ್ಪಟ್ಟು, ಆ ಯಂತ್ರದೊಡನೆಯೇ ಅಳಿಯತಕ್ಕದ್ದೆಂಬ ಭಾವನೆ ಸಾಮಾನ್ಯವಾಗಿದ್ದಿತು. 1977ರ ಸುಮಾರಿಗೆ ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದಲ್ಲಿಯೂ ಬೆಲ್ ಪ್ರಯೋಗಾಲಯದಲ್ಲಿಯೂ ಯುನಿಕ್ಸನ್ನು ಇಂಟರ್‌ಡೇಟಾ ಎಂಬ ಬೇರೊಂದು ವಂಶದ ಯಂತ್ರಗಳಿಗೆ ಸ್ವತಂತ್ರವಾಗಿ ಸಾಗಿಸಲಾಯಿತು. ಯಂತ್ರದ ಆಯುಸ್ಸಿಗಿಂತ ತಂತ್ರಾಂಶದ ಆಯುಸ್ಸು ದೀರ್ಘವಾಗಬಹುದೆಂಬುದು ಅಲ್ಲಿಗೆ ಸಿದ್ಧವಾಯಿತು.

ಕನ್ನಡನಾಡಿನಲ್ಲಿ ಈ ವಿಷಯದ ಇತಿಹಾಸವನ್ನು ಬರೆಯುವವರು ಬೆಂಗಳೂರಿನ ಸಿಂಪ್ಯೂಟರ್ ಎಂಬ ಕೈಗಣಕವನ್ನು ಮುಖ್ಯಸ್ಥಾನದಲ್ಲಿ ಇರಿಸಲೇಬೇಕಾಗುತ್ತದೆ. ಅದಕ್ಕೆ ಮೊದಲು ಕನ್ನಡದ ಗಣಕೀಕರಣವು ಬಹುತೇಕ ಇಂಟೆಲ್ ವಂಶದ ಸಂಸ್ಕಾರಕಗಳ ಆಶ್ರಯದಲ್ಲಿಯೇ ಬೆಳೆದಿತ್ತು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡುಗಳು ಡಾಸ್ ಯಂತ್ರಗಳ ತೆರೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸುತ್ತಿದ್ದುವು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಇಸ್ಕಿ ಎಂಬ ಅಕ್ಷರಸಂಕೇತಕ್ರಮವನ್ನು ಅಂಗೀಕರಿಸಿತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ, ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಇವೆಲ್ಲ ಕನ್ನಡಿಗರ ಬರವಣಿಗೆಯ ಕ್ರಮವನ್ನೇ ಬದಲಿಸಿದುವು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಸಾಹಿತ್ಯರಚನೆಯ ನಡುವೆಯೂ ಕನ್ನಡ ತಂತ್ರಾಂಶದ ವಿಷಯದಲ್ಲಿ ತೋರಿಸುತ್ತಿದ್ದ ಆಸ್ಥೆಯನ್ನು ಇಲ್ಲಿ ಸ್ಮರಿಸಬೇಕು. ಆದರೆ ಬರಹ, ನುಡಿಗಳು ವಿಂಡೋಸನ್ನೂ ಅದರ ಕೆಳಗಿನ ಇಂಟೆಲ್ ಆದೇಶಗಳನ್ನೂ ನೆಚ್ಚಿಕೊಂಡು ಹುಟ್ಟಿದಂಥವು. ಬೇರೊಂದು ಸಂಸ್ಕಾರಕದ ಮೇಲೆ ಕನ್ನಡವನ್ನು ನಡೆಸುವ ಪ್ರಶ್ನೆ ಆಗ ಹೆಚ್ಚಿನವರಿಗೆ ತೋರಿರಲಿಲ್ಲ.

1998ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಮೇಳದ ಅಂಗವಾಗಿ, ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಈ ತಂತ್ರಜ್ಞಾನದಿಂದ ಆಗಬಹುದಾದ ಪ್ರಯೋಜನವನ್ನು ಕುರಿತು ಅಂತರರಾಷ್ಟ್ರೀಯ ಗೋಷ್ಠಿಯೊಂದು ನಡೆಯಿತು. ಸಾಮಾನ್ಯ ಜನರು, ಅದರಲ್ಲೂ ಗ್ರಾಮಸ್ಥರು, ಹಂಚಿಕೊಂಡು ಬಳಸಬಹುದಾದ ಅಲ್ಪಬೆಲೆಯ ಕೈಗಣಕವೊಂದು ಬೇಕೆಂಬ ವಿಚಾರ ಆ ಗೋಷ್ಠಿಯಿಂದ ಹೊರಟು, 1999ರ ನವೆಂಬರಿನಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭಾಪೇಕ್ಷೆಯಿಲ್ಲದ ಸಂಸ್ಥೆಯ ರೂಪವನ್ನು ತಾಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರೂ, ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಹೋದ್ಯೋಗಿಗಳೂ ಸೇರಿ ಏಳು ಮಂದಿ ಇದರ ಧರ್ಮದರ್ಶಿಗಳಾಗಿದ್ದರು. 2001ರ ಏಪ್ರಿಲ್ 25ರಂದು ಮಾದರಿ ಯಂತ್ರವು ಪ್ರಕಟವಾದಾಗ ಪತ್ರಿಕೆಗಳು ಅದನ್ನು ಬಡವರ ಗಣಕವೆಂದು ಕೊಂಡಾಡಿದುವು. ಪತ್ರಿಕೆಗಳಿಗೆ ಬೆಲೆಯೇ ಮುಖ್ಯ ಸುದ್ದಿಯಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಒಳಗಿನ ಸಂಸ್ಕಾರಕವನ್ನು ಕುರಿತು ಅವು ಇನ್ನೂ ಹೆಚ್ಚು ಬರೆಯಬಹುದಾಗಿತ್ತು.

ಸಿಂಪ್ಯೂಟರಿನಲ್ಲಿದ್ದುದು ಇಂಟೆಲ್ ಮಾರುತ್ತಿದ್ದರೂ ಇಂಟೆಲ್ ವಂಶಕ್ಕೆ ಸೇರದ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಎಂಬ ಸಂಸ್ಕಾರಕ. ಬ್ರಿಟನ್ನಿನ ಆರ್ಮ್ ಸಂಸ್ಥೆಯ ಆದೇಶಗುಚ್ಛವನ್ನು ಆಧರಿಸಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆ ಮೊದಲು ರೂಪಿಸಿದ ಈ ವಂಶವು ಅನಂತರ ಇಂಟೆಲ್ಲಿನ ವಶವಾಯಿತು. ಬ್ಯಾಟರಿಯ ಅಲ್ಪಶಕ್ತಿಯಲ್ಲಿ ಸುಮಾರು 200 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುವ ಇದಕ್ಕೆ ಆ ಕಾಲದ ಕೈಗಣಕಗಳಲ್ಲಿ ವಿಶೇಷ ಮನ್ನಣೆಯಿತ್ತು. ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದ ಕನ್ನಡ ತಂತ್ರಾಂಶದ ಒಂದು ತಟ್ಟೆಯಾದರೂ ಇದರ ಮೇಲೆ ನಡೆಯುವಂತಿರಲಿಲ್ಲ. ಮೆಗಾಬೈಟುಗಳಲ್ಲಿ ಎಣಿಸಬೇಕಾದ ಅದರ ಅಲ್ಪ ಸ್ಮರಣಕೋಶದಲ್ಲಿ ಅನುಕರಣತಂತ್ರಕ್ಕೆ ಎಡೆಯೂ ಇರಲಿಲ್ಲ. ಆದುದರಿಂದ ನೇರ ಸ್ಥಾಪನೆಯೊಂದೇ ದಾರಿಯಾಯಿತು. ಟ್ರಸ್ಟಿನವರು ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ಆರಿಸಿಕೊಂಡುದು ಉಚಿತವೆಂಬ ಒಂದೇ ಕಾರಣಕ್ಕಲ್ಲ. ರಸೆಲ್ ಕಿಂಗ್ ಎಂಬವರು 1994ರಲ್ಲಿಯೇ ಲಿನಕ್ಸಿನ ತಿರುಳನ್ನು ಆರ್ಮ್‌ಗೆ ಸಾಗಿಸುವ ಕಾರ್ಯವನ್ನು ಆರಂಭಿಸಿದ್ದರು, ಗ್ನೂ ಕಂಪೈಲರು ಆರ್ಮ್ ಆದೇಶಗಳನ್ನು ಉತ್ಪಾದಿಸಬಲ್ಲುದಾಗಿತ್ತು, ಮೇಲಾಗಿ ಎಲ್ಲದರ ಆಕರಸಂಕೇತವೂ ತೆರೆದಿತ್ತು.

ಸಣ್ಣ ಯಂತ್ರದ ಮೇಲೆಯೇ ದೊಡ್ಡ ತಂತ್ರಾಂಶವನ್ನು ಯಂತ್ರಭಾಷೆಗೆ ಇಳಿಸಲು ಸ್ಮರಣಕೋಶ ಸಾಲದೆಂಬುದರಿಂದ ಇಂಥ ಕೆಲಸವನ್ನು ಮೇಜಿನ ಮೇಲಿನ ಇಂಟೆಲ್ ಗಣಕದಲ್ಲಿ ನಡೆಸಿ, ಹುಟ್ಟಿದ ಆರ್ಮ್ ಸಂಕೇತವನ್ನು ಮಾತ್ರ ಕೈಗಣಕದ ಫ್ಲ್ಯಾಶ್ ಸ್ಮೃತಿಗೆ ಇಳಿಸುವುದು ವಾಡಿಕೆ. ಇದಕ್ಕೆ ಕ್ರಾಸ್ ಕಂಪೈಲಿಂಗ್ ಎಂದು ಹೆಸರು. ಹೇಳುವುದಕ್ಕೆ ಸರಳವಾದ ಈ ಕ್ರಮದಲ್ಲಿ ಕಣ್ಣಿಗೆ ಬೀಳದ ತೊಡಕುಗಳು ಹಲವು. ಎಸ್‌ಎ-1110ರಲ್ಲಿ ದಶಮಾಂಶಗಣಿತಕ್ಕೆ ಪ್ರತ್ಯೇಕ ಘಟಕವಿರಲಿಲ್ಲ. ಅಂಥ ಲೆಕ್ಕ ಬಂದಾಗಲೆಲ್ಲ ಅದನ್ನು ತಂತ್ರಾಂಶದಿಂದಲೇ ನಿಧಾನವಾಗಿ ಬಿಡಿಸಬೇಕಾಗಿದ್ದುದರಿಂದ, ಜಾಣ ರಚನಕಾರನು ಪೂರ್ಣಾಂಕಗಳಲ್ಲಿಯೇ ಲೆಕ್ಕ ಮುಗಿಸುವನು. ಸ್ಮೃತಿಯಲ್ಲಿ ನಾಲ್ಕು ಬೈಟುಗಳ ಗಡಿಗೆ ಹೊಂದದ ವಿಳಾಸದಿಂದ ಅಂಕಿಯೊಂದನ್ನು ಓದಿದರೆ ಇಂಟೆಲ್ ಯಂತ್ರ ಸರಿಯಾದ ಉತ್ತರವನ್ನು ಕೊಡುತ್ತಿದ್ದರೆ, ಅಂದಿನ ಆರ್ಮ್ ಯಂತ್ರವು ಸದ್ದಿಲ್ಲದೆ ತಪ್ಪು ಉತ್ತರವನ್ನು ಕೊಡಬಹುದಾಗಿತ್ತು.

ಕನ್ನಡಕ್ಕೆ ನೇರವಾಗಿ ತಟ್ಟುವ ತೊಡಕು ಬೇರೊಂದಿತ್ತು. ಸಿ ಭಾಷೆಯಲ್ಲಿ ಒಂದು ಅಕ್ಷರವನ್ನು ಹಿಡಿಯುವ ಬೈಟು ಋಣಸಂಖ್ಯೆಯನ್ನು ಒಳಗೊಳ್ಳುವುದೇ ಇಲ್ಲವೇ ಎಂಬುದನ್ನು ಭಾಷೆಯ ನಿಯಮವು ಯಂತ್ರಕ್ಕೆ ಬಿಟ್ಟಿದೆ. ಇಂಟೆಲ್ ಲಿನಕ್ಸಿನಲ್ಲಿ ಅದು ಒಳಗೊಳ್ಳುತ್ತದೆ, ಆರ್ಮ್ ಲಿನಕ್ಸಿನಲ್ಲಿ ಒಳಗೊಳ್ಳುವುದಿಲ್ಲ. ಇಂಗ್ಲಿಷಿನ ಅಕ್ಷರಗಳೆಲ್ಲ 128ಕ್ಕಿಂತ ಕೆಳಗಿನ ಸಂಕೇತಗಳಾದುದರಿಂದ ಅವಕ್ಕೆ ಎರಡೂ ಒಂದೇ. ಇಸ್ಕಿಯ ಭಾರತೀಯ ಅಕ್ಷರಗಳಾದರೋ 161ರಿಂದ ಮೇಲೆ ಇರುವಂಥವು. ಒಂದು ಯಂತ್ರದಲ್ಲಿ ಅವು ಋಣಸಂಖ್ಯೆಗಳಾಗಿಯೂ ಇನ್ನೊಂದರಲ್ಲಿ ಧನಸಂಖ್ಯೆಗಳಾಗಿಯೂ ಕಾಣುವುದರಿಂದ, ಅಜಾಗರೂಕತೆಯಿಂದ ಬರೆದ ಹೋಲಿಕೆಯ ವಾಕ್ಯವೊಂದು ಇಲ್ಲಿ ಕನ್ನಡವನ್ನು ಸರಿಯಾಗಿ ಗುರುತಿಸಿ ಅಲ್ಲಿ ಗುರುತಿಸದೆ ಹೋಗಬಹುದು. ಯಂತ್ರಾಂತರದಲ್ಲಿ ಇಂಗ್ಲಿಷು ಪಾರಾದೆಡೆ ಕನ್ನಡವು ಎಡವುವುದಕ್ಕೆ ಇಂಥ ಸೂಕ್ಷ್ಮಗಳು ಎಷ್ಟೋ ಬಾರಿ ಕಾರಣ. ಯಂತ್ರದೋಷವೆಂದು ಇದನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಅಕ್ಷರವನ್ನು ಓದಲಾರದವರಿಗೂ ಯಂತ್ರವು ಉಪಯುಕ್ತವಾಗಬೇಕೆಂಬುದು ಟ್ರಸ್ಟಿನ ಸಂಕಲ್ಪವಾಗಿದ್ದಿತು. ಅದಕ್ಕಾಗಿ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಧ್ವನಿ ಎಂಬ ತಂತ್ರಾಂಶ ಸಿದ್ಧವಾಯಿತು. ಕನ್ನಡ, ಹಿಂದೀ ಮೊದಲಾದ ಭಾಷೆಗಳ ಬರಹವನ್ನು ಅಕ್ಷರಕ್ಕೆ ಅಕ್ಷರ ವಿಂಗಡಿಸಿ, ಮೊದಲೇ ಮುದ್ರಿಸಿ ಸಂಕುಚಿತರೂಪದಲ್ಲಿ ಇರಿಸಿದ್ದ ಶಬ್ದತುಣುಕುಗಳನ್ನು ಜೋಡಿಸಿ ಅದು ಉಚ್ಚರಿಸುತ್ತಿತ್ತು. ನಮ್ಮ ಭಾಷೆಗಳಲ್ಲಿ ಬರಹಕ್ಕೂ ಉಚ್ಚಾರಣೆಗೂ ಅಂತರ ಕಡಿಮೆಯಾದ್ದರಿಂದ ದುರ್ಬಲ ಸಂಸ್ಕಾರಕದ ಮೇಲೂ ಇದು ಸಾಧ್ಯವಾಯಿತೆನ್ನಬೇಕು. ಮಾಹಿತಿಯನ್ನು ಚಿತ್ರಗಳ ಮತ್ತು ಸ್ಪರ್ಶದ ಮೂಲಕ ತೋರಿಸುವುದಕ್ಕೆ ಐಎಂಎಲ್ ಎಂಬ ಗುರುತುಭಾಷೆಯೂ, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವುದಕ್ಕೆ ಸ್ಮಾರ್ಟ್ ಕಾರ್ಡಿನ ವ್ಯವಸ್ಥೆಯೂ ಇದ್ದುವು. ತಂತ್ರಾಂಶದ ಆಕರವಷ್ಟೇ ಅಲ್ಲದೆ ಯಂತ್ರದ ನಕ್ಷೆಗಳನ್ನೂ ವಿಶೇಷ ಪರವಾನಗಿಯೊಂದರ ಕೆಳಗೆ ಟ್ರಸ್ಟು ತೆರೆದಿಟ್ಟಿತು. ಆ ಕಾಲಕ್ಕೆ ಇದು ಅಸಾಮಾನ್ಯವಾದ ಔದಾರ್ಯ.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಸೇರಿದ ಚೌಳಹಿರಿಯೂರಿನಂಥ ಊರುಗಳ ದೃಷ್ಟಿಯಿಂದ ಈ ಸಂಗತಿಯನ್ನು ನೋಡಿದರೆ ಅದರ ಮಹತ್ತ್ವ ಇನ್ನೂ ಸ್ಪಷ್ಟವಾಗುತ್ತದೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕವನ್ನು ಸೇರಿ, ರೈತನು 15 ರೂಪಾಯಿ ತೆತ್ತು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ತನ್ನ ಪಹಣಿಯ ಪ್ರತಿಯನ್ನು ಪಡೆಯುವಂತಾದುದು ಇದೇ ಕಾಲದಲ್ಲಿ. ಕಚೇರಿಯಲ್ಲಿದ್ದುವು ವಿಂಡೋಸ್ ನಡೆಸುವ ಇಂಟೆಲ್ ವಂಶದ ಯಂತ್ರಗಳು. ಆದರೆ ಪಹಣಿಯಲ್ಲಿ ನಮೂದಾಗಬೇಕಾದ ಬೆಳೆಯು, ರಾಗಿಯೋ ತೆಂಗೋ ಅಡಕೆಯೋ, ಇರುವುದು ಹೊಲದಲ್ಲಿ; ಅದನ್ನು ಆಗ ಬರೆದುಕೊಳ್ಳಬೇಕಾಗಿದ್ದವನು ಗ್ರಾಮಲೆಕ್ಕಿಗ. ಭೂದಾಖಲೆಯ ವಿವರಗಳ ಸಂಗ್ರಹಕ್ಕೆ ಕರ್ನಾಟಕ ಸರ್ಕಾರವು ಸಿಂಪ್ಯೂಟರನ್ನು ಬಳಕೆಗೆ ತಂದಾಗ, ಒಂದೇ ಪಹಣಿಯ ಹಿಂದೆ ಎರಡು ಬಗೆಯ ಸಂಸ್ಕಾರಕಗಳು, ಎರಡು ಕಾರ್ಯವ್ಯವಸ್ಥೆಗಳು ನಿಂತಂತಾಯಿತು. ಅವೆರಡರ ನಡುವೆ ಸಾಗಬಹುದಾದದ್ದು ದತ್ತಾಂಶವೇ ಹೊರತು ತಂತ್ರಾಂಶವಲ್ಲ. ಎರಡಕ್ಕೂ ಪ್ರತ್ಯೇಕವಾಗಿ ತಂತ್ರಾಂಶವನ್ನು ರಚಿಸಬೇಕಾಗಿತ್ತು.

2004ರ ಮಾರ್ಚ್ 26ರಂದು ಪಿಕೋಪೀಟಾ ಸಂಸ್ಥೆಯ ಅಮಿಡಾ ಸಿಂಪ್ಯೂಟರು ಮಾರುಕಟ್ಟೆಗೆ ಬಂದಿತು. ಅದನ್ನು ತಯಾರಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಮಾರಾಟವು ನಿರೀಕ್ಷೆಯ ಸಮೀಪಕ್ಕೂ ಹೋಗಲಿಲ್ಲ. ಬೆಲೆ ಅಂದುಕೊಂಡಷ್ಟು ಇಳಿಯದೆ ಹೋದುದೂ, ಮೊಬೈಲ್ ಫೋನು ಶೀಘ್ರವಾಗಿ ಹಳ್ಳಿಗಳನ್ನು ಹೊಕ್ಕುದೂ ಇದಕ್ಕೆ ಕಾರಣಗಳು. ವಾಣಿಜ್ಯದ ಅಳತೆಯಲ್ಲಿ ಅದು ಸೋತಿತು. ಸಂಸ್ಕಾರಕದ ಆಯ್ಕೆಯಲ್ಲಿ ಮಾತ್ರ ಅದರ ರಚನಕಾರರು ಕಾಲಕ್ಕಿಂತ ಮುಂದಿದ್ದರೆಂಬುದರಲ್ಲಿ ಈ ಲೇಖಕನಿಗೆ ಸಂಶಯವಿಲ್ಲ: ಆರ್ಮ್ ಸಂಸ್ಕಾರಕದ ಮೇಲೆ ಲಿನಕ್ಸ್ ತಿರುಳು, ಸ್ಪರ್ಶದ ತೆರೆ, ದೇಶಭಾಷೆಯ ಧ್ವನಿ ಎಂಬ ಅದೇ ಸಂಯೋಗವು ಕೆಲವೇ ವರ್ಷಗಳಲ್ಲಿ ಆಂಡ್ರಾಯ್ಡ್ ಫೋನಿನ ರೂಪದಲ್ಲಿ ಅದೇ ಹಳ್ಳಿಗಳನ್ನು ತಲಪಿತು.

ಅನಂತರದ ಕಾಲದಲ್ಲಿ ಹಳೆಯ ಕನ್ನಡ ತಂತ್ರಾಂಶಗಳ ಗತಿ ಏನಾಯಿತೆಂಬುದು ವಿಚಾರಾರ್ಹ. 64 ಬಿಟ್ಟಿನ ವಿಂಡೋಸ್ ಆವೃತ್ತಿಗಳು 16 ಬಿಟ್ಟಿನ ಹಾಗೂ ಡಾಸ್ ಕಾಲದ ಕ್ರಮವಿಧಿಗಳನ್ನು ನಡೆಸುವುದಿಲ್ಲ. 2021ರ ವಿಂಡೋಸ್ 11 ಕೇವಲ 64 ಬಿಟ್ಟಿನದಾಗಿ ಬಂದುದರಿಂದ ಡಾಸ್ ಕಾಲದ ಕನ್ನಡ ಪದಸಂಸ್ಕಾರಕಗಳಿಗೆ ಅನುಕರಣತಂತ್ರವಲ್ಲದೆ ಬೇರೆ ಗತಿಯಿಲ್ಲ. ಆರ್ಮ್ ಯಂತ್ರಗಳ ವಿಂಡೋಸಿನಲ್ಲಿ ಇಂಟೆಲ್ ತಂತ್ರಾಂಶಗಳನ್ನು ಅನುಕರಿಸುವ ವ್ಯವಸ್ಥೆಯಿದ್ದರೂ, ಅನ್ಯ ತಂತ್ರಾಂಶದ ಒಡಲನ್ನು ಹೊಕ್ಕು ಕೆಲಸಮಾಡುವ ಭಾಗಗಳು, ಕೀಲಿಮಣೆಯ ಸಾಧನಗಳಲ್ಲಿ ಇಂಥವು ಅನೇಕ, ಆ ತಂತ್ರಾಂಶದ ಆದೇಶಗುಚ್ಛದಲ್ಲಿಯೇ ಇರಬೇಕಾಗುತ್ತದೆ. ಆಪಲ್ ಸಂಸ್ಥೆ ಮೋಟರೋಲಾದಿಂದ 1994ರಲ್ಲಿ ಪವರ್‌ಪಿಸಿಗೂ, ಅಲ್ಲಿಂದ 2006ರಲ್ಲಿ ಇಂಟೆಲ್ಲಿಗೂ, 2020ರ ನವೆಂಬರಿನಲ್ಲಿ ತನ್ನದೇ ಎಂ1 ಎಂಬ ಆರ್ಮ್ ಸಂಸ್ಕಾರಕಕ್ಕೂ ಸಾಗಿದಾಗ ಪ್ರತಿ ಬಾರಿಯೂ ಅನುಕರಣತಂತ್ರವನ್ನು ಕೆಲವು ಕಾಲ ಒದಗಿಸಿ ಮುಂದೆ ಕೈಬಿಡುವ ನೀತಿಯನ್ನೇ ಹಿಡಿಯಿತು. ಇಂಟೆಲ್ ಯಂತ್ರಗಳಲ್ಲಿ ಪವರ್‌ಪಿಸಿ ತಂತ್ರಾಂಶವನ್ನು ನಡೆಸುತ್ತಿದ್ದ ಮೊದಲ ರೊಸೆಟ್ಟಾ ಎಂಬ ಅನುಕರಣತಂತ್ರವು 2011ರಲ್ಲಿ ಅಸ್ತಂಗತವಾಯಿತು. ಎಂ1 ಬಂದಾಗ ಮುಕ್ತ ತಂತ್ರಾಂಶಗಳನ್ನು ಮ್ಯಾಕ್ ಯಂತ್ರಗಳಲ್ಲಿ ಸ್ಥಾಪಿಸಿಕೊಡುವ ಹೋಂಬ್ರೂ 2021ರ ಫೆಬ್ರವರಿಯ 3.0.0 ಆವೃತ್ತಿಯಲ್ಲಿಯೇ ನೇರ ಸ್ಥಾಪನೆಗೆ ಸಿದ್ಧವಾಯಿತು. ಆಕರ ತೆರೆದಿದ್ದವುಗಳಿಗೆ ತಿಂಗಳುಗಳ ಕೆಲಸ; ಆಕರ ಮುಚ್ಚಿದ್ದು ಒಡೆಯನು ಕೈಬಿಟ್ಟವುಗಳಿಗೆ ಅದೇ ಮರಣ.

ಸದ್ಯದಲ್ಲಿ ಇನ್ನೊಂದು ವಂಶ ತಲೆಯೆತ್ತುತ್ತಿದೆ. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರಂಭವಾದ ರಿಸ್ಕ್-ಫೈವ್ ಎಂಬ ಆದೇಶಗುಚ್ಛವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ಮದರಾಸಿನ ಐಐಟಿಯ ಶಕ್ತಿ, ತಿರುವನಂತಪುರದ ಸಿ-ಡ್ಯಾಕ್‌ನ ವೇಗಾ ಸಂಸ್ಕಾರಕಗಳು ಇದನ್ನೇ ಅನುಸರಿಸಿವೆ. ಕೇಂದ್ರ ಸರ್ಕಾರವು 2022ರ ಏಪ್ರಿಲಿನಲ್ಲಿ ಇದಕ್ಕಾಗಿ ಡಿಐಆರ್-ವಿ ಎಂಬ ಕಾರ್ಯಕ್ರಮವನ್ನು ಘೋಷಿಸಿತು. ಈ ಯಂತ್ರಗಳಲ್ಲಿ ಕನ್ನಡದ ಗತಿಯೇನೆಂದು ಕೇಳುವವರಿಗೆ ಉತ್ತರ ಇಷ್ಟು: ಅಕ್ಷರವಿನ್ಯಾಸಗಳು ದತ್ತಾಂಶಗಳಾದ್ದರಿಂದ ಯಾವ ಸಂಸ್ಕಾರಕಕ್ಕೂ ಹಾಗೆಯೇ ಒಗ್ಗುತ್ತವೆ, ಒತ್ತಕ್ಷರಗಳನ್ನು ಸ್ವಸ್ಥಾನದಲ್ಲಿ ಕೂರಿಸುವ ಸಂಯೋಜಕವನ್ನು ಮಾತ್ರ ಹೊಸ ಯಂತ್ರಭಾಷೆಗೆ ಇಳಿಸಬೇಕಾಗುತ್ತದೆ. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13 ರಿಸ್ಕ್-ಫೈವನ್ನು ಮೊದಲ ಬಾರಿಗೆ ಅಧಿಕೃತ ಸಂಸ್ಕಾರಕವರ್ಗವೆಂದು ಒಳಗೊಂಡಿದ್ದು, ಹಾರ್ಫ್‌ಬಜ್ ಎಂಬ ಆ ಸಂಯೋಜಕವೂ ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರವಿನ್ಯಾಸಗಳೂ ಡೆಬಿಯನ್ನಿನ ಭಂಡಾರದಲ್ಲಿ ದೊರೆಯುತ್ತವೆ.