ಒಬ್ಬಳೇ ಎಚ್ಚೆತ್ತ ಅರಮನೆ

ಮುಳ್ಳುಪೊದೆಗಳ ನಡುವೆ ನೂರು ವರ್ಷ ನಿದ್ರಿಸಿದ ರಾಜಕುಮಾರಿಯ ಕಥೆಯನ್ನು ತಾವು ಬಾಲ್ಯದಲ್ಲಿ ಕೇಳಿಯೋ ಓದಿಯೋ ಬಲ್ಲಿರಿ. ನಾಮಕರಣದ ಔತಣಕ್ಕೆ ಕರೆಯದೆ ಬಿಟ್ಟ ಕಿನ್ನರಿಯ ಶಾಪ, ರಾಟೆಯ ಕದಿರು ಚುಚ್ಚಿದ ಬೆರಳು, ಅರಮನೆಯನ್ನೇ ಮುಚ್ಚಿ ಬೆಳೆದ ಗುಲಾಬಿಯ ಮುಳ್ಳು, ಕೊನೆಗೆ ರಾಜಕುಮಾರನ ಮುತ್ತು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಈ ಕಥೆಯ ಮುಕ್ತಾಯ ಬಹು ಸೊಗಸು. ರಾಜಕುಮಾರಿ ಕಣ್ಣು ತೆರೆದೊಡನೆ ರಾಜ ರಾಣಿಯರು ಏಳುತ್ತಾರೆ. ಲಾಯದ ಕುದುರೆಗಳು ಮೈ ಕೊಡವುತ್ತವೆ. ಗೋಡೆಯ ಮೇಲಿನ ನೊಣಗಳು ಹರಿದಾಡುತ್ತವೆ. ನೂರು ವರ್ಷಗಳ ಹಿಂದೆ ಹುಡುಗನನ್ನು ದಂಡಿಸಲು ಹೊರಟಿದ್ದ ಅಡುಗೆಯವನು ಅವನ ಕಪಾಳಕ್ಕೆ ಬಾರಿಸಿಯೇ ಬಿಡುತ್ತಾನೆ. ಮಲಗಿದವರೆಲ್ಲರೂ ಏಳುತ್ತಾರೆ. ಒಬ್ಬರೂ ಉಳಿಯುವುದಿಲ್ಲ.

ಈ ಕೊನೆಯ ಮಾತನ್ನು ತಾವು ನೆನಪಿನಲ್ಲಿ ಇರಿಸಿಕೊಳ್ಳಬೇಕು. ಏಕೆಂದರೆ 1992ರಲ್ಲಿ ಅಮೆರಿಕದ ಲೇಖಕಿ ಜೇನ್ ಯೋಲೆನ್ ಇದೇ ಕಥೆಯನ್ನು 'ಬ್ರೈಯರ್ ರೋಸ್' ಎಂಬ ಕಾದಂಬರಿಯಾಗಿ ಮರಳಿ ಹೇಳಿದಾಗ, ಅವರು ಮಾಡಿದ ಬದಲಾವಣೆಗಳಲ್ಲಿ ಅತ್ಯಂತ ಭಾರವಾದದ್ದು ಇದೇ ಸ್ಥಳದಲ್ಲಿ ಇದೆ. ಅವರ ಕಥೆಯಲ್ಲಿ ರಾಜಕುಮಾರಿಯೊಬ್ಬಳೇ ಎಚ್ಚರಗೊಳ್ಳುತ್ತಾಳೆ. ಉಳಿದವರೆಲ್ಲರೂ ಮಲಗಿದಂತೆಯೇ ಇರುತ್ತಾರೆ.

ಹಳೆಯ ಕಥೆಯನ್ನು ಹೀಗೆ ತಿದ್ದುವುದು ಅಪಚಾರವೇ ಎಂದು ಯಾರಾದರೂ ಕೇಳಬಹುದು. ಆದರೆ ಈ ಕಥೆ ಎಂದೂ ಒಂದೇ ರೂಪದಲ್ಲಿ ನಿಂತದ್ದಲ್ಲ. ಹದಿನಾಲ್ಕನೆಯ ಶತಮಾನದ 'ಪೆರ್ಸೆಫೊರೆ' ಎಂಬ ಫ್ರೆಂಚ್ ಗದ್ಯಕಾವ್ಯದಲ್ಲಿಯೇ ಅಗಸೆನಾರಿನ ಸಿಬಿರು ಬೆರಳಿಗೆ ಚುಚ್ಚಿ ನಿದ್ರೆಗೆ ಸಂದ ರಾಜಪುತ್ರಿ ಸಿಗುತ್ತಾಳೆ. ನೇಪಲ್ಸ್‌ನ ಜಂಬತ್ತಿಸ್ತಾ ಬಸಿಲೆಯ ಸಂಗ್ರಹ ಅವನ ಮರಣಾನಂತರ 1634ರಿಂದ 1636ರ ನಡುವೆ ಅಚ್ಚಾಯಿತು. ಅದರಲ್ಲಿನ ರೂಪವನ್ನು ಮಕ್ಕಳ ಮುಂದೆ ಓದುವಂತಿಲ್ಲ. ಅಲ್ಲಿ ರಾಜನು ನಿದ್ರಿಸುತ್ತಿರುವವಳ ಮೇಲೆ ಅತ್ಯಾಚಾರವೆಸಗಿ ಹೊರಟುಹೋಗುತ್ತಾನೆ; ಅವಳು ಎಚ್ಚರವಿಲ್ಲದೆಯೇ ಅವಳಿ ಮಕ್ಕಳನ್ನು ಹೆರುತ್ತಾಳೆ; ಹಸಿದ ಕೂಸೊಂದು ಬೆರಳನ್ನು ಚೀಪಿ ಸಿಬಿರನ್ನು ಹೊರಗೆಳೆದಾಗ ಆಕೆಗೆ ಎಚ್ಚರವಾಗುತ್ತದೆ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಇದನ್ನು ರಾಜಸಭೆಗೆ ಒಪ್ಪುವಂತೆ ನಯಗೊಳಿಸಿದ. ಅವನಲ್ಲಿ ಮುತ್ತೇ ಇಲ್ಲ. ರಾಜಕುಮಾರ ಮಂಡಿಯೂರುವ ಹೊತ್ತಿಗೆ ಶಾಪದ ಅವಧಿ ತೀರಿರುತ್ತದೆ. ಗ್ರಿಮ್ ಸಹೋದರರಿಗೆ ಈ ಕಥೆಯನ್ನು ಹೇಳಿದ ಮರಿ ಹಾಸೆನ್‌ಫ್ಲುಗ್ ಕೂಡ ಫ್ರೆಂಚ್ ಮೂಲದ ಪ್ರೊಟೆಸ್ಟಂಟ್ ಮನೆತನಕ್ಕೆ ಸೇರಿದವಳು. ಅಚ್ಚ ಜರ್ಮನ್ ಎಂದು ನಂಬಲಾದ ಕಥೆಯ ಹಿಂದೆ ಗಡಿ ದಾಟಿ ಬಂದವರ ಮನೆಮಾತು ಇತ್ತೆಂಬುದು, ಮುಂದೆ ಗ್ರಿಮ್ ಕಥೆಗಳನ್ನು ಜನಾಂಗದ ಹೆಮ್ಮೆಗಾಗಿ ಶಾಲೆಗಳಲ್ಲಿ ಬಳಸಿಕೊಂಡ ನಾಜಿಗಳಿಗೆ ರುಚಿಸುವ ಸಂಗತಿಯಾಗಿರಲಿಲ್ಲ.

ಯೋಲೆನ್ 1939ರಲ್ಲಿ ನ್ಯೂಯಾರ್ಕಿನ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದವರು. ಕ್ಲೋದ್ ಲಾಂಜ್‌ಮನ್ 1985ರಲ್ಲಿ ಹೊರತಂದ, ಒಂಬತ್ತು ಗಂಟೆಗಳಿಗೂ ದೀರ್ಘವಾದ 'ಶೋವಾ' ಎಂಬ ಸಾಕ್ಷ್ಯಚಿತ್ರವನ್ನು ಅವರು ನೋಡುತ್ತಿದ್ದಾಗ ಪೋಲೆಂಡಿನ ಹೆಲ್ಮ್ನೊ ಎಂಬ ಹಳ್ಳಿಯ ಪ್ರಸ್ತಾಪ ಬಂದಿತು. ಅಲ್ಲೊಂದು ಅರಮನೆ; ಸುತ್ತಲೂ ಬೇಲಿ; ಒಳಹೊಕ್ಕವರನ್ನು ಸಾಯಿಸುವ ವಿಷದ ಹೊಗೆ. ಮುಳ್ಳುಬೇಲಿಯ ಅರಮನೆಯೂ ಅಲ್ಲಿನ ಮಾಯಾನಿದ್ರೆಯೂ ಅವರ ಮನಸ್ಸಿನಲ್ಲಿ ಇದರೊಡನೆ ಜೋಡಿಗೊಂಡುವು. ಕಾದಂಬರಿ ಹುಟ್ಟಿದ್ದು ಹೀಗೆ. ಟೆರಿ ವಿಂಡ್ಲಿಂಗ್ ಸಂಪಾದಿಸುತ್ತಿದ್ದ ಕಿನ್ನರಿ ಕಥೆಗಳ ಮರುನಿರೂಪಣೆಯ ಮಾಲೆಯಲ್ಲಿ ಅದು ಪ್ರಕಟವಾಯಿತು. 1993ರಲ್ಲಿ ಮಿಥೊಪೋಯಿಕ್ ಪ್ರಶಸ್ತಿಯನ್ನೂ ಪಡೆಯಿತು. ಅದ್ಭುತಕಥೆಗಳಿಗೆ ಮೀಸಲಾದ ಪ್ರಶಸ್ತಿ ಅದು. ವಿಚಿತ್ರವೆಂದರೆ ಇಡೀ ಪುಸ್ತಕದಲ್ಲಿ ಒಂದು ಮಂತ್ರವೂ ಇಲ್ಲ, ಮಾಯೆಯೂ ಇಲ್ಲ.

ಕಥೆ ಇಷ್ಟು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಗೆಮ್ಮಾ ಎಂಬ ಅಜ್ಜಿ ತನ್ನ ಮೂವರು ಮೊಮ್ಮಕ್ಕಳಿಗೆ ಹಗಲಿರುಳು ಒಂದೇ ಕಥೆಯನ್ನು ಹೇಳುತ್ತಾಳೆ, ಮಲಗಿದ ರಾಜಕುಮಾರಿಯ ಕಥೆಯನ್ನು. ಆದರೆ ಅವಳ ಕಥೆಯಲ್ಲಿ ಏನೋ ಸರಿಯಿಲ್ಲ. ಕೆಟ್ಟ ಕಿನ್ನರಿ ಕಪ್ಪು ಉಡುಪು ಧರಿಸಿ, ದೊಡ್ಡ ಕರಿ ಬೂಟುಗಳನ್ನು ಮೆಟ್ಟಿ, ಟೋಪಿಯ ಮೇಲೆ ಬೆಳ್ಳಿಯ ಹದ್ದುಗಳನ್ನು ತೊಟ್ಟಿರುತ್ತಾಳೆ. ಅರಮನೆಯವರನ್ನು ನಿದ್ರೆಗೆ ಕೆಡಹುವುದು ಒಂದು ಮಂಜು. ಕೊನೆಯಲ್ಲಿ ಏಳುವವಳು ಒಬ್ಬಳೇ. ಅಜ್ಜಿ ತೀರಿಕೊಳ್ಳುವ ಮುನ್ನ ಕಿರಿಯ ಮೊಮ್ಮಗಳಾದ ಬೆಕ್ಕಾಳೊಡನೆ ಆ ರಾಜಕುಮಾರಿ ತಾನೇ ಎಂದು ಹೇಳಿ, ಅರಮನೆಯನ್ನು ಹುಡುಕುವಂತೆ ಮಾತು ಪಡೆಯುತ್ತಾಳೆ. ಅಕ್ಕಂದಿರು ಮುದಿತನದ ಭ್ರಮೆ ಎಂದು ತಳ್ಳಿಹಾಕುತ್ತಾರೆ. ಅಜ್ಜಿಯ ನಿಜವಾದ ಹೆಸರೇನು, ಊರು ಯಾವುದು, ಅಜ್ಜ ಯಾರು ಎಂಬುದು ಮನೆಯಲ್ಲಿ ಯಾರಿಗೂ ತಿಳಿಯದು. ಅವಳು ಬಿಟ್ಟುಹೋದದ್ದು ಹಳೆಯ ಕಾಗದಗಳೂ ಚಿತ್ರಗಳೂ ತುಂಬಿದ ಒಂದು ಪೆಟ್ಟಿಗೆಯನ್ನು ಮಾತ್ರ.

ಆ ಕಾಗದಗಳು ಬೆಕ್ಕಾಳನ್ನು ಮೊದಲು ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಪಟ್ಟಣಕ್ಕೆ ಕರೆದೊಯ್ಯುತ್ತವೆ. ಇದು ಕಲ್ಪನೆಯ ಊರಲ್ಲ. ಯುದ್ಧಕಾಲದಲ್ಲಿ ಅಮೆರಿಕ ಯೂರೋಪಿನಿಂದ ಸರಕಾರದ ಖರ್ಚಿನಲ್ಲಿ ಕರೆತಂದು ಆಶ್ರಯ ನೀಡಿದ ನಿರಾಶ್ರಿತರ ಸಂಖ್ಯೆ 982. ಅವರನ್ನು 1944ರ ಆಗಸ್ಟ್‌ನಲ್ಲಿ ಆಸ್ವೀಗೊದ ಫೋರ್ಟ್ ಒಂಟಾರಿಯೊ ಎಂಬ ಹಳೆಯ ಸೈನಿಕ ಕೋಟೆಯಲ್ಲಿ ಇರಿಸಲಾಯಿತು. ಅತಿಥಿಗಳೆಂದು ಹೆಸರು, ಸುತ್ತಲೂ ಬೇಲಿ. ಯುದ್ಧ ಮುಗಿದ ಮೇಲೆ ಹಿಂದಿರುಗುವೆವೆಂದು ಮುಂಚಿತವಾಗಿ ಸಹಿ ಮಾಡಿಸಿಕೊಳ್ಳಲಾಗಿತ್ತು. ಅಷ್ಟು ದೊಡ್ಡ ದೇಶ, ಅಷ್ಟು ಜನ! ಕಾದಂಬರಿ ಈ ಸಂಗತಿಯನ್ನು ಬೇಗನೆ ದಾಟಿಹೋಗುತ್ತದೆ. ನನಗೆ ಮಾತ್ರ ಆ ಸಂಖ್ಯೆಯನ್ನು ದಾಟಿಹೋಗಲು ಆಗಲಿಲ್ಲ.

ಅಲ್ಲಿಂದ ಜಾಡು ಪೋಲೆಂಡಿನ ಹೆಲ್ಮ್ನೊವನ್ನು ಮುಟ್ಟುತ್ತದೆ. ಇಲ್ಲಿ ಕಾದಂಬರಿಯನ್ನು ಸ್ವಲ್ಪ ಬದಿಗಿಟ್ಟು ಇತಿಹಾಸವನ್ನು ನೋಡಬೇಕು. ಔಷ್ವಿಟ್ಸ್ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಹೆಲ್ಮ್ನೊ ಹೆಸರನ್ನು ಕೇಳಿದವರು ಕಡಿಮೆ. ಆದರೆ ಜನರನ್ನು ಸಾಮೂಹಿಕವಾಗಿ ವಿಷಾನಿಲದಿಂದ ಕೊಲ್ಲಲೆಂದೇ ನಾಜಿಗಳು ತೆರೆದ ಮೊದಲ ಶಿಬಿರ ಇದೇ. ಕೊಲೆ ಆರಂಭವಾದದ್ದು 1941ರ ಡಿಸೆಂಬರ್ 8ರಂದು. ಅಲ್ಲಿ ಕಾರ್ಖಾನೆಯಂಥ ಕಟ್ಟಡಗಳಿರಲಿಲ್ಲ. ನೆರ್ ನದಿಯ ದಡದ ಹಳ್ಳಿಯಲ್ಲಿ ಒಬ್ಬ ಜಮೀನುದಾರನ ಹಳೆಯ ಬಂಗಲೆಯಿತ್ತು. ಊರವರು ಅದನ್ನು ಅರಮನೆ ಎನ್ನುತ್ತಿದ್ದರು. ಲೋಡ್ಜ್ ನಗರದ ಕೇರಿಯಿಂದಲೂ ಸುತ್ತಲಿನ ಪಟ್ಟಣಗಳಿಂದಲೂ ಯೆಹೂದ್ಯರನ್ನು ಅಲ್ಲಿಗೆ ತರಲಾಗುತ್ತಿತ್ತು. ಸಾವಿರಾರು ರೋಮಾ ಜನರೂ ಅವರಲ್ಲಿ ಸೇರಿದ್ದರು. ಅಧಿಕಾರಿಯೊಬ್ಬ ಮೃದುವಾಗಿ ಮಾತನಾಡಿ, ಕೆಲಸಕ್ಕೆ ಕಳುಹಿಸುತ್ತೇವೆ, ಮೊದಲು ಸ್ನಾನವಾಗಲಿ ಎನ್ನುತ್ತಿದ್ದ. ಬಟ್ಟೆ ಕಳಚಿ, ಸ್ನಾನಗೃಹಕ್ಕೆ ದಾರಿ ಎಂದು ಬರೆದ ಫಲಕವನ್ನು ದಾಟಿ ನಡೆದವರು ತಲುಪುತ್ತಿದ್ದುದು ಮುಚ್ಚಿದ ಲಾರಿಯೊಂದರ ಒಳಗೆ. ಬಾಗಿಲು ಬಿಗಿದು, ಎಂಜಿನಿನ ಹೊಗೆಯನ್ನು ಕೊಳವೆಯ ಮೂಲಕ ಒಳಕ್ಕೆ ಬಿಡಲಾಗುತ್ತಿತ್ತು. ಬಳಿಕ ಲಾರಿ ಸುಮಾರು ನಾಲ್ಕು ಕಿಲೋಮೀಟರ್ ದೂರದ ಕಾಡಿಗೆ ಸಾಗಿ, ಅಲ್ಲಿನ ಗುಂಡಿಗಳ ಬಳಿ ಹೆಣಗಳನ್ನು ಇಳಿಸುತ್ತಿತ್ತು. 1943ರ ವಸಂತದಲ್ಲಿ ಬಂಗಲೆಯನ್ನು ಸ್ಫೋಟಿಸಿ ಕುರುಹು ಅಳಿಸಿದರು. 1944ರಲ್ಲಿ ಮತ್ತೆ ಆರಂಭಿಸಿದರು. ಒಟ್ಟು ಸತ್ತವರು ಒಂದೂವರೆ ಲಕ್ಷಕ್ಕೂ ಹೆಚ್ಚು; 1,72,000 ಎಂಬ ಲೆಕ್ಕವೂ ಉಂಟು. ಅಜ್ಜಿಯ ಕಥೆಯ ಮಂಜು ಏನೆಂಬುದು ತಮಗೀಗ ತಿಳಿದಿರಬೇಕು.

ಈ ಲಾರಿಗಳ ಕುರಿತು 1942ರ ಜೂನ್ 5ರಂದು ಬರ್ಲಿನ್ನಿನ ಕಚೇರಿಯೊಂದರಲ್ಲಿ ಬರೆದ ಟಿಪ್ಪಣಿ ಉಳಿದುಬಂದಿದೆ. ಡಿಸೆಂಬರ್ ತಿಂಗಳಿಂದ ಮೂರು ವಾಹನಗಳಲ್ಲಿ 97,000 'ಸಂಸ್ಕರಿಸಲಾಗಿದೆ', ವಾಹನಗಳಲ್ಲಿ ಯಾವ ದೋಷವೂ ಕಾಣಲಿಲ್ಲ ಎಂದು ಅದರಲ್ಲಿ ವರದಿಯಿದೆ. 97,000 ಏನು? ಆ ಪದವನ್ನು ಬರೆದಿಲ್ಲ. ಉದ್ದಕ್ಕೂ ಹೊರೆ, ಸರಕು ಎಂಬ ಮಾತುಗಳೇ ಇವೆ. ಮನುಷ್ಯ ಎಂಬ ಶಬ್ದ ಬಾರದಂತೆ ಎಚ್ಚರವಹಿಸಲಾಗಿದೆ. ಒಂದು ಕಡೆ, ನೈಜವೆಂಬಂತೆ ಅಂಕಿ ಅಂಶಗಳೊಡನೆ ಬರೆದ ಈ ಸರಕಾರಿ ಕಾಗದ. ಇನ್ನೊಂದು ಕಡೆ, ಕರಿ ಬೂಟಿನ ಕಿನ್ನರಿಯನ್ನೂ ಮಲಗಿಸುವ ಮಂಜನ್ನೂ ಕುರಿತು ಮಕ್ಕಳಿಗೆ ಹೇಳಿದ ಕಟ್ಟುಕಥೆ. ಇವೆರಡರಲ್ಲಿ ನಡೆದದ್ದನ್ನು ಹೇಳುವುದು ಯಾವುದು, ಮುಚ್ಚುವುದು ಯಾವುದು? ಯೋಲೆನ್ ಅವರ ಪುಸ್ತಕದ ಬಲವೆಲ್ಲ ಈ ಪ್ರಶ್ನೆಯಲ್ಲಿದೆ ಎಂದು ನನ್ನ ಅಭಿಪ್ರಾಯ. ಗೆಮ್ಮಾ ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಉಳಿದಿದ್ದ ಭಾಷೆ ಅದೊಂದೇ. ವಿಷದ ಹೊಗೆ ಅವಳ ನೆನಪನ್ನು ಒರೆಸಿಹಾಕಿತ್ತು. ಹೆಸರು, ಮನೆ, ತಂದೆತಾಯಿ ಎಲ್ಲವೂ ಹೋಗಿ ಬಾಲ್ಯದ ಒಂದು ಕಥೆ ಮಾತ್ರ ಉಳಿದಿತ್ತು.

ಹೇಳಲಾಗದ ದುಃಖವು ಕಥೆಯ ವೇಷದಲ್ಲಿ ಹೊರಬರುವುದನ್ನು ನಮ್ಮ ನಾಡಿನ ಹೆಂಗಸರೂ ಬಲ್ಲರು. ಎ. ಕೆ. ರಾಮಾನುಜನ್ ಅವರ ಸಂಗ್ರಹದ ಕನ್ನಡ ಜನಪದ ಕಥೆಯೊಂದರಲ್ಲಿ, ಸತ್ತಂತೆ ಬಿದ್ದ ರಾಜಕುಮಾರನಿಗೆ ಹನ್ನೆರಡು ವರ್ಷ ಶುಶ್ರೂಷೆ ಮಾಡಿದ ಹುಡುಗಿಯ ಸ್ಥಾನವನ್ನು ಬೇರೊಬ್ಬಳು ಕಸಿದುಕೊಳ್ಳುತ್ತಾಳೆ. ಮನುಷ್ಯರಲ್ಲಿ ಯಾರಿಗೂ ಹೇಳಲಾಗದ ಆಕೆ ರಾತ್ರಿ ಒಂದು ಮಾತಾಡುವ ಬೊಂಬೆಯ ಮುಂದೆ ಕುಳಿತು ತನ್ನ ಕಥೆಯನ್ನು ಹೇಳಿಕೊಳ್ಳುತ್ತಾಳೆ. ಅಲ್ಲಿ ರಾಜಕುಮಾರ ಮರೆಯಲ್ಲಿ ನಿಂತು ಕೇಳಿಸಿಕೊಂಡ. ಇಲ್ಲಿ ಮೊಮ್ಮಗಳು ಕೇಳಿಸಿಕೊಂಡಳು.

ಮತ್ತೆ ಹೆಲ್ಮ್ನೊಗೆ ಬರೋಣ. ಆ ಹಳ್ಳಿಯಲ್ಲೊಂದು ದೇವಾಲಯವಿದೆ. ಲಾರಿಗಳಿಗೆ ಹತ್ತಿಸುವ ಮುನ್ನ ಯೆಹೂದ್ಯರನ್ನು ರಾತ್ರಿಯ ಹೊತ್ತು ಅದರೊಳಗೆ ಕೂಡಿಹಾಕುತ್ತಿದ್ದ ಕಾಲವೂ ಇತ್ತು. ಲಾಂಜ್‌ಮನ್ ಅವರ ಚಿತ್ರದ ಮರೆಯಲಾಗದ ದೃಶ್ಯವೊಂದು ನಡೆಯುವುದು ಇದೇ ದೇವಾಲಯದ ಮೆಟ್ಟಿಲುಗಳ ಮುಂದೆ. ಅಂದು ಮಾತೆ ಮರಿಯಮ್ಮನವರ ಜನನೋತ್ಸವ. ನಮ್ಮ ಕರಾವಳಿಯಲ್ಲಿ ತೆನೆಹಬ್ಬವಾಗಿ ನಾವು ಹೂ ಹಿಡಿದು ಆಚರಿಸುವ ಹಬ್ಬವೇ ಅದು. ಶಿಬಿರದಿಂದ ಬದುಕಿ ಉಳಿದ ಶಿಮೋನ್ ಸ್ರೆಬ್ರನಿಕ್ ನಡುವೆ ನಿಂತಿದ್ದಾರೆ. ಊರವರು ಸುತ್ತುವರಿದು, ಈತನನ್ನು ಕಂಡು ಸಂತೋಷವಾಯಿತೆನ್ನುತ್ತಾರೆ. ಒಳಗಿನಿಂದ ಮೆರವಣಿಗೆ ಹೊರಬರುತ್ತದೆ. ಯೆಹೂದ್ಯರಿಗೆ ಹೀಗೇಕಾಯಿತು ಎಂದು ಕೇಳಿದಾಗ, ಕ್ರಿಸ್ತರ ರಕ್ತದ ಹೊಣೆಯನ್ನು ಅವರೇ ತಮ್ಮ ತಲೆಯ ಮೇಲೆ ಹೊತ್ತುಕೊಂಡರಲ್ಲವೇ ಎಂಬ ಅರ್ಥದ ಮಾತು ಗುಂಪಿನಿಂದ ಬರುತ್ತದೆ. ಸ್ರೆಬ್ರನಿಕ್ ಏನೂ ಹೇಳದೆ ನಿಂತಿರುತ್ತಾರೆ. ಆ ಆರೋಪವನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿತ್ತು. ದೃಶ್ಯ ಚಿತ್ರಿತವಾದದ್ದು ಅದಾದ ಹತ್ತಾರು ವರ್ಷಗಳ ಬಳಿಕ. ಅದನ್ನು ನೋಡಿದ ಮೇಲೆ, ಮುಳ್ಳುಬೇಲಿಯ ಹೊರಗೆ ನಿಂತಿದ್ದವರ ಪಾಲು ಏನೆಂದು ಕೇಳದೆ ಇರಲಾಗದು. ಕಾದಂಬರಿಯಲ್ಲಿಯೂ ಊರಿನವರು ಬೆಕ್ಕಾಳ ಪ್ರಶ್ನೆಗಳಿಗೆ ಮುಖ ತಿರುಗಿಸುತ್ತಾರೆ.

ನಿಜ ತಿಳಿಯುವುದು ಜೋಸೆಫ್ ಪೊಟೋಟ್ಸ್ಕಿ ಎಂಬ ವೃದ್ಧನಿಂದ. ಸಲಿಂಗಕಾಮಿ ಎಂಬ ಕಾರಣಕ್ಕೆ ನಾಜಿ ಶಿಬಿರದಲ್ಲಿ ಬಂಧಿಯಾಗಿ, ತಪ್ಪಿಸಿಕೊಂಡು ಕಾಡಿನ ಹೋರಾಟಗಾರರನ್ನು ಸೇರಿದವನು ಅವನು. ಲಾರಿ ಸುರಿದುಹೋದ ಹೆಣಗಳ ನಡುವೆ ಒಂದು ದೇಹದಲ್ಲಿ ಇನ್ನೂ ಉಸಿರಿರುವುದನ್ನು ಅವನ ಗುಂಪು ಕಾಣುತ್ತದೆ. ಆ ಯುವತಿಯ ಬಾಯಿಗೆ ಬಾಯಿಟ್ಟು ಉಸಿರು ತುಂಬಿ ಬದುಕಿಸುತ್ತಾರೆ. ರಾಜಕುಮಾರನ ಮುತ್ತು ಎಂದರೆ ಅದು. ಅವಳು ಆ ಗುಂಪಿನವನೊಬ್ಬನನ್ನು ಮದುವೆಯಾಗಿ ಗರ್ಭಿಣಿಯಾಗುತ್ತಾಳೆ. ಗಂಡ ಹೋರಾಟದಲ್ಲಿ ಸಾಯುತ್ತಾನೆ. ಪುಸ್ತಕದ ಮೊದಲ ಭಾಗ ಅಲ್ಲಲ್ಲಿ ಸಪ್ಪೆಯಾಗಿದೆ, ಬೆಕ್ಕಾಳ ಪ್ರೇಮಪ್ರಸಂಗ ಇಲ್ಲದಿದ್ದರೂ ನಡೆಯುತ್ತಿತ್ತು. ಜೋಸೆಫನ ನಿರೂಪಣೆಯನ್ನು ಮಾತ್ರ ನಡುವೆ ಬಿಟ್ಟು ಏಳಲಾಗುವುದಿಲ್ಲ.

ಇಷ್ಟು ದೊಡ್ಡ ಸಂಕಟವನ್ನು ಕಿನ್ನರಿ ಕಥೆಗೆ ಹೊಂದಿಸುವುದು ಸರಿಯೇ ಎಂಬ ಆಕ್ಷೇಪಣೆಗೆ ತೂಕವಿದೆ. ಕಿನ್ನರಿ ಕಥೆ ಸುಖಾಂತವನ್ನು ಬಯಸುತ್ತದೆ. ಇತಿಹಾಸ ಅದನ್ನು ಕೊಡಬೇಕಾಗಿಲ್ಲ. ಲೇಖಕಿ ಇದನ್ನು ಅರಿತಿದ್ದರು. ಕಾದಂಬರಿ ಮುಗಿದ ಮೇಲೆ ತಮ್ಮದೇ ಹೆಸರಿನಲ್ಲಿ ಬರೆದ ಪುಟ್ಟ ಟಿಪ್ಪಣಿಯಲ್ಲಿ ಅವರು, ಹೆಲ್ಮ್ನೊದಿಂದ ಜೀವಂತವಾಗಿ ಪಾರಾದ ಯಾವ ಹೆಂಗಸನ್ನೂ ತಾವರಿಯೆವೆಂದು ತಿಳಿಸುತ್ತಾರೆ. ಓದುಗನು ಪುಸ್ತಕದ ಉದ್ದಕ್ಕೂ ನಂಬಿ ಬಂದ ಆ ಒಬ್ಬ ರಾಜಕುಮಾರಿಯನ್ನೂ ಹೀಗೆ ಹಿಂದಕ್ಕೆ ಪಡೆಯುತ್ತಾರೆ. ಅರಮನೆಯಲ್ಲಿ ಯಾವ ಹೆಣ್ಣೂ ಏಳಲಿಲ್ಲ.

ಪಾರಾದ ಗಂಡಸರನ್ನು ಬೆರಳಲ್ಲಿ ಎಣಿಸಬಹುದು. ಹೆಣ ಹೂಳಲು ನಿಯೋಜಿತನಾಗಿದ್ದ ಶ್ಲಾಮಾ ಬೆರ್ ವಿನರ್ 1942ರ ಜನವರಿಯಲ್ಲಿ ತಪ್ಪಿಸಿಕೊಂಡು ವಾರ್ಸಾ ತಲುಪಿ, ಅಲ್ಲಿ ಗುಪ್ತವಾಗಿ ದಾಖಲೆ ಸಂಗ್ರಹಿಸುತ್ತಿದ್ದವರಿಗೆ ಕಂಡದ್ದನ್ನೆಲ್ಲ ಹೇಳಿದ. ಅದೇ ವರ್ಷ ಬೆಲ್ಜೆಕ್ ಶಿಬಿರದಲ್ಲಿ ಅವನನ್ನು ಕೊಂದರು. ಸ್ರೆಬ್ರನಿಕ್ ಅಲ್ಲಿಗೆ ಬಂದಾಗ ಇನ್ನೂ ಹುಡುಗ. ಅವನ ಕಂಠ ಚೆನ್ನಾಗಿತ್ತೆಂದು ಕಾವಲುಗಾರರು ದೋಣಿಯಲ್ಲಿ ಕೂರಿಸಿಕೊಂಡು ನೆರ್ ನದಿಯ ಮೇಲೆ ಹಾಡಿಸುತ್ತಿದ್ದರು. 1945ರ ಜನವರಿಯಲ್ಲಿ ಸೋವಿಯೆತ್ ಸೇನೆ ಹತ್ತಿರವಾದಾಗ, ಉಳಿದ ಕೆಲಸಗಾರರನ್ನು ಸಾಲಾಗಿ ಗುಂಡಿಕ್ಕಿದರು. ಹುಡುಗನ ತಲೆಗೆ ಹೊಕ್ಕ ಗುಂಡು ಪ್ರಾಣ ತೆಗೆಯಲಿಲ್ಲ. ಸತ್ತವರ ನಡುವೆ ಅವನಿಗೆ ಎಚ್ಚರವಾಯಿತು. ಕತ್ತಲಲ್ಲಿ ತೆವಳಿಕೊಂಡು ಹೋಗಿ ಅಡಗಿದ.